ಎಲ್‌ಎಸ್‌ಗೆ ಕಾಣದ ಫೋಲ್ಡರ್ ಎಲ್ಲಿದೆ?

ನೆಟ್‌ವರ್ಕ್ ಶೇರಿನಲ್ಲಿ ಎಲ್‌ಎಸ್ (ಪಟ್ಟಿ ತೋರಿಸುವ ಕಮಾಂಡ್, ls) ಕೊಟ್ಟಾಗ ಫೋಲ್ಡರ್ ಕಾಣುತ್ತಿಲ್ಲ ಅಂದಕೂಡಲೇ ಸರ್ವರ್ ರೀಸ್ಟಾರ್ಟ್ ಮಾಡಬೇಡಿ. ಮೊದಲು ಪೂರ್ತಿ ಪಾತ್ ಟೈಪ್ ಮಾಡಿ ಸಿಡಿ (ಫೋಲ್ಡರಿನ ಒಳಗೆ ಹೋಗುವ ಕಮಾಂಡ್, cd) ಕೊಡಿ. ಒಳಗೆ ಹೋಗುತ್ತದೆಯೇ, ಹೋದರೂ ಖಾಲಿಯೇ, ಇಲ್ಲವೇ ಹೋಗುವುದೇ ಇಲ್ಲವೇ? ಹುಡುಕಾಟದ ದಾರಿ ಇದರಲ್ಲೇ ತೀರ್ಮಾನವಾಗುತ್ತದೆ.

ಹೆಸರು ಕೊಟ್ಟರೆ ಒಳಗೆ ಹೋಗಿ, ಪಟ್ಟಿಯಲ್ಲಿ ಮಾತ್ರ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ಸೆಟ್ಟಿಂಗ್ ವಿಷಯ. ಜಡ್‌ಎಫ್‌ಎಸ್ ಎಂಬ ಫೈಲ್‌ಸಿಸ್ಟಮ್‌ನ ಸ್ನ್ಯಾಪ್‌ಶಾಟ್ ಡೈರೆಕ್ಟರಿ (.zfs), ಅಡಗಿದ ಹೆಸರುಗಳನ್ನೂ ತೋರಿಸುವ ಎಲ್‌ಎಸ್ -ಎ ಕೊಟ್ಟರೂ ಕಾಣದು. ಅದರ ಸ್ನ್ಯಾಪ್‌ಡಿರ್ (snapdir) ಸೆಟ್ಟಿಂಗನ್ನು ಹಿಡನ್‌ನಿಂದ ವಿಸಿಬಲ್‌ಗೆ ಬದಲಿಸಿದರೆ ಕಾಣುತ್ತದೆ. ಕೇಳಿದಾಗ ಮಾತ್ರ ಫೋಲ್ಡರ್ ಮೌಂಟ್ ಮಾಡುವ (ಜೋಡಿಸುವ) ಆಟೋಎಫ್‌ಎಸ್‌ನಲ್ಲಿ ಬ್ರೌಸ್ ಮೋಡ್ ಆಫ್ ಇದ್ದರೂ ಹೀಗೆಯೇ.

ಒಳಗೆ ಹೋದರೆ ಖಾಲಿ ಕಾಣುವುದು ಇವುಗಳಲ್ಲೆಲ್ಲ ಅಪಾಯದ್ದು. ಸರ್ವರ್‌ನಲ್ಲಿ ಡೇಟಾ ಎಂಬ ಡೈರೆಕ್ಟರಿ ಎಕ್ಸ್‌ಪೋರ್ಟ್ ಆಗಿದೆ (ನೆಟ್‌ವರ್ಕಿನಲ್ಲಿ ಹಂಚಲಾಗಿದೆ), ಅದರೊಳಗಿನ ಪ್ರಾಜೆಕ್ಟ್ಸ್ ಬೇರೆಯೇ ಫೈಲ್‌ಸಿಸ್ಟಮ್ ಎಂದುಕೊಳ್ಳಿ. ಫೈಲ್ ಹಂಚುವ ಎನ್‌ಎಫ್‌ಎಸ್ ಪ್ರೋಟೋಕಾಲಿನ 3ನೇ ಆವೃತ್ತಿಯಲ್ಲಿ ಡೇಟಾವನ್ನು ಮೌಂಟ್ ಮಾಡಿದ ಕ್ಲೈಂಟ್ ಆ ಗಡಿ ದಾಟುವುದಿಲ್ಲ, ಪ್ರಾಜೆಕ್ಟ್ಸ್‌ನ ಕೆಳಗೆ ಮುಚ್ಚಿಹೋಗಿರುವ ಹಳೆಯ ಖಾಲಿ ಡೈರೆಕ್ಟರಿಯನ್ನೇ ತೋರಿಸುತ್ತದೆ. ಯಾರಾದರೂ ಅಲ್ಲಿ ಫೈಲ್ ಹಾಕಿದರೆ ಅದು ಉಳಿಯುತ್ತದೆ, ಆದರೆ ಸರ್ವರ್‌ನಲ್ಲಿ ಕಣ್ಣಿಗೆ ಬೀಳುವುದಿಲ್ಲ. ಡಿಸ್ಕಿನ ಜಾಗ ಹೇಳುವ ಡಿಎಫ್ (df) ಜಾಗ ತುಂಬಿದೆ ಅನ್ನುತ್ತದೆ, ಫೈಲುಗಳ ಗಾತ್ರ ಕೂಡಿಸುವ ಡಿಯು (du) ಲೆಕ್ಕಕ್ಕೆ ಅದು ಸಿಗುವುದಿಲ್ಲ. ಸರ್ವರ್‌ನಲ್ಲಿ ಡೇಟಾವನ್ನು ಬೇರೊಂದು ಜಾಗಕ್ಕೆ ಬೈಂಡ್ ಮೌಂಟ್ ಮಾಡಿ (ಅದೇ ಡೈರೆಕ್ಟರಿಯನ್ನು ಇನ್ನೊಂದು ಪಾತ್‌ನಲ್ಲಿ ತೆರೆದು) ನೋಡಿ, ಮುಚ್ಚಿಹೋದ ಫೈಲುಗಳು ಅಲ್ಲಿ ಸಿಗುತ್ತವೆ. ಅವನ್ನು ಎತ್ತಿಟ್ಟುಕೊಂಡ ಮೇಲೆ ಎಕ್ಸ್‌ಪೋರ್ಟ್ಸ್ ಸಾಲಿಗೆ ಕ್ರಾಸ್‌ಮೌಂಟ್ ಆಯ್ಕೆ ಸೇರಿಸಿ (ಅಲ್ಲಿ ಬರೆಯುವಾಗ 'ಮೌಂಟ್' ಭಾಗದಲ್ಲಿ ಮಾತ್ರ 'ಓ', 'ಯು' ಇಲ್ಲದ ಚಿಕ್ಕ ರೂಪ: crossmnt), ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ ಕೊಟ್ಟು, ಕ್ಲೈಂಟನ್ನು ಮತ್ತೆ ಮೌಂಟ್ ಮಾಡಿ. ಎನ್‌ಎಫ್‌ಎಸ್ 4ರಲ್ಲಿ ಒಳಗಿನದೂ ಎಕ್ಸ್‌ಪೋರ್ಟ್ ಆಗಿದ್ದರೆ ಸಾಕು, ತಾನಾಗಿ ಕಾಣುತ್ತದೆ.

ಸಿಡಿ ಕೊಟ್ಟರೂ 'ಇಲ್ಲ' ಎಂದು ಬಂದು, ಪಕ್ಕದ ಯಂತ್ರದಲ್ಲಿ ಕಾಣುತ್ತಿದ್ದರೆ ಕ್ಯಾಶ್ (ಕ್ಲೈಂಟ್ ನೆನಪಿಟ್ಟುಕೊಂಡ ಹಳೆಯ ಉತ್ತರಗಳು) ಮೇಲೆ ಅನುಮಾನಪಡಿ. ಫೋಲ್ಡರ್ ಹುಟ್ಟುವ ಮೊದಲೇ ಕ್ಲೈಂಟ್ ಆ ಹೆಸರು ಕೇಳಿದ್ದರೆ, ಬಂದ 'ಇಲ್ಲ' ಉತ್ತರವನ್ನೂ ಅದು ನೆನಪಿಟ್ಟುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ಡೈರೆಕ್ಟರಿ ಗುಣಗಳ ಕ್ಯಾಶ್ ಡೀಫಾಲ್ಟ್ ಆಗಿ 30ರಿಂದ 60 ಸೆಕೆಂಡು. ಫೋಲ್ಡರ್ ಬರುವುದನ್ನೇ ಕಾಯುವ ಸ್ಕ್ರಿಪ್ಟುಗಳಿಗೆ ಇದು ದೊಡ್ಡ ಕಾಟ. ಮೌಂಟ್ ಆಯ್ಕೆಯಾಗಿ ಲುಕಪ್‌ಕ್ಯಾಶ್=ಪಾಸ್ (lookupcache=pos) ಎಂದು ಕೊಟ್ಟು ಅನ್‌ಮೌಂಟ್, ಮೌಂಟ್ ಮಾಡಿದರೆ 'ಇಲ್ಲ' ಉತ್ತರಗಳನ್ನು ಕ್ಲೈಂಟ್ ನಂಬುವುದಿಲ್ಲ. ನೋಎಸಿ (noac) ಆಯ್ಕೆ ಹಾಕಬೇಡಿ, ಗುಣಗಳ ಕ್ಯಾಶ್ ಪೂರ್ತಿ ಹೋಗಿ ಶೇರ್ ತೆವಳುತ್ತದೆ. ವಿಂಡೋಸ್ ಕ್ಲೈಂಟಿನಲ್ಲಿ ಡೈರೆಕ್ಟರಿ ಪಟ್ಟಿಯ ಕ್ಯಾಶ್‌ಗೆ ಡೈರೆಕ್ಟರಿಕ್ಯಾಶ್‌ಲೈಫ್‌ಟೈಮ್ ಇದೆ, ಡೀಫಾಲ್ಟ್ 10 ಸೆಕೆಂಡು.

ಒಬ್ಬ ಬಳಕೆದಾರರಿಗೆ ಮಾತ್ರ 'ಪರ್ಮಿಷನ್ ಡಿನೈಡ್' ಬಂದರೆ ಅವರ ಗುಂಪುಗಳನ್ನು ಎಣಿಸಿ. ಎನ್‌ಎಫ್‌ಎಸ್‌ನಲ್ಲಿ ಬಳಕೆದಾರರನ್ನು ಗುರುತಿಸುವ ಆತ್‌ಸಿಸ್ (AUTH_SYS) ವಿಧಾನದಲ್ಲಿ ಕ್ಲೈಂಟ್ ಕಳಿಸುವುದು ಹೆಚ್ಚೆಂದರೆ 16 ಗುಂಪು. ಬೇಕಾದ ಗುಂಪು ಅದರಾಚೆ ಬಿದ್ದರೆ ಬಾಗಿಲು ಮುಚ್ಚಿದಂತೆಯೇ. ಸರ್ವರ್‌ನ ಮೌಂಟ್‌ಡಿ ಸೇವೆಗೆ ಮ್ಯಾನೇಜ್-ಜಿಐಡಿಎಸ್ (--manage-gids) ಆಯ್ಕೆ ಕೊಟ್ಟರೆ ಗುಂಪುಗಳನ್ನು ಸರ್ವರೇ ಹುಡುಕಿಕೊಳ್ಳುತ್ತದೆ, ಆದರೆ ಆ ಬಳಕೆದಾರರು ಮತ್ತು ಅವರ ಗುಂಪುಗಳು ಸರ್ವರ್‌ಗೂ ಗೊತ್ತಿರಬೇಕು. ವಿಂಡೋಸ್ ರೀತಿಯ ಶೇರ್ ಕೊಡುವ ಸಾಂಬಾದಲ್ಲಿ 'ಹೈಡ್ ಅನ್‌ರೀಡಬಲ್' ಆನ್ ಇದ್ದರೆ ಎರರ್ ಕೂಡ ಬಾರದೆ ಫೋಲ್ಡರೇ ಪಟ್ಟಿಯಿಂದ ಮಾಯವಾಗುತ್ತದೆ. ಗುಂಪಿಗೆ ಸೇರಿಸಿದ ಮೇಲೂ ಅವರು ಶೇರಿನ ಸಂಪರ್ಕ ಕಡಿದು ಮತ್ತೆ ಲಾಗಿನ್ ಆಗಲೇಬೇಕು.