ಕೆತ್ತನೆ ಆಮೇಲೆ, ಮೊದಲು ನಳಿಗೆ

ಹುಬ್ಬಳ್ಳಿಯ ಬಂದೂಕಿನ ಅಂಗಡಿಯೊಂದರಲ್ಲಿ ಅವತ್ತು ಎರಡು ಹಳೇ ಜೋಡುನಳಿಗೆಗಳು ಮಾರಾಟಕ್ಕಿದ್ದವು. ಬೇಕಿದ್ದದ್ದು ಕ್ಲೇ ಬಿಲ್ಲೆ, ಅಂದರೆ ಗಾಳಿಗೆ ಎಸೆದ ಬಿಲ್ಲೆಯನ್ನು ಹೊಡೆಯುವ ಆಟಕ್ಕೆ. ಎರಡೂ ಹನ್ನೆರಡು ಬೋರಿನವು, ಬ್ರಿಟಿಷರ ಕಾಲದವು. ಒಂದು ಸೈಡ್‌ಲಾಕ್ (ಹಾರಿಸುವ ಯಂತ್ರ ಪಕ್ಕದ ತಗಡುಗಳಿಗೆ ಕೂಡಿಸಿದ್ದು), ಹಾವೇರಿ ಕಡೆಯ ವಾಡೆಯಿಂದ ಬಂದದ್ದು, ಪಕ್ಕದ ತಗಡುಗಳ ತುಂಬ ಬಳ್ಳಿ ಕೆತ್ತನೆ. ಇನ್ನೊಂದು ಬರ್ಮಿಂಗ್‌ಹ್ಯಾಮಿನ ಸಾದಾ ಬಾಕ್ಸ್‌ಲಾಕ್, ಅಂದರೆ ಯಂತ್ರವೆಲ್ಲ ನಡುವಿನ ಪೆಟ್ಟಿಗೆಯೊಳಗೇ ಇರುವಂಥದ್ದು.

"ಕೈಕೆಲಸ ನೋಡ್ರೀ ಸರ, ಈಗ ಇಂಥಾದ್ದು ಯಾರ್ ಮಾಡ್ತಾರ?" ಅಂದರು ಮಾಲೀಕರು.

"ಛಲೋ ಐತ್ರಿ. ಮೊದಲ ನಳಿಗಿ ಬಿಚ್ಚಿ ಕೊಡ್ರಿ."

ಬೇಟೆಯ ಕಾಲದಲ್ಲಿ ಇಂಥ ಬಂದೂಕು ದಿನಕ್ಕೆ ನಾಲ್ಕಾರು ತೋಟೆ ಹಾರಿಸಿದರೆ ಹೆಚ್ಚು. ಕ್ಲೇ ಬಿಲ್ಲೆಯ ಒಂದು ಸುತ್ತಿಗೇ 25 ಬಿಲ್ಲೆ. ಆದ್ದರಿಂದ ಗೋಡೆಗೆ ತೂಗುಹಾಕಲು ಕೊಳ್ಳುವವರ ಕಣ್ಣು ಇಲ್ಲಿ ಸಾಲದು.

ನಳಿಗೆಯ ತಳದ ಚಪ್ಪಟೆ ಭಾಗದಲ್ಲಿ ಪ್ರೂಫ್ ಮುದ್ರೆಗಳು, ಅಂದರೆ ಒತ್ತಡ ತಡೆಯುತ್ತದೆಂದು ಪರೀಕ್ಷಿಸಿ ಒತ್ತಿದ ಗುರುತುಗಳು ಇರುತ್ತವೆ. ಹೊಗೆರಹಿತ ಮದ್ದಿಗೆ ಪರೀಕ್ಷೆಯಾದ ನೈಟ್ರೋ ಮುದ್ರೆ ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಸುರುಳಿ ಗೆರೆಯ ಡಮಾಸ್ಕಸ್ ನಳಿಗೆ ಎಷ್ಟೇ ಚೆಂದ ಕಂಡರೂ ಕರಿಮದ್ದಿನ ಮುದ್ರೆಯಷ್ಟೇ ಇದ್ದರೆ ಇವತ್ತಿನ ತೋಟೆ ಹಾಕಬಾರದು. ಎರಡನೆಯದು ಚೇಂಬರಿನ, ಅಂದರೆ ತೋಟೆ ಕೂಡುವ ಜಾಗದ ಉದ್ದ. ಈ ಎರಡರಲ್ಲೂ 2½ ಇಂಚು, ತೋಟೆಯ ಲೆಕ್ಕದಲ್ಲಿ 65 ಮಿ.ಮೀ. ಮೋಸ ಆಗುವುದು ಇಲ್ಲೇ. ತೋಟೆ ಡಬ್ಬಿಯ ಮೇಲೆ ಬರೆದ ಉದ್ದ, ತೋಟೆ ಸಿಡಿದು ಬಾಯಿ ಬಿಚ್ಚಿದ ಮೇಲಿನದು; ಹಾಗಾಗಿ ಬಾಯಿ ಮಡಚಿದ 70 ಮಿ.ಮೀ. ತೋಟೆ 65ರ ಚೇಂಬರಿನಲ್ಲಿ ಸಲೀಸಾಗಿ ಕೂಡುತ್ತದೆ. ಹಾರಿಸಿದಾಗ ಮಡಿಕೆ ಮುಂದಿನ ಕಿರಿದಾದ ಕೋನಿನೊಳಗೆ ಬಿಚ್ಚಿಕೊಂಡು ದಾರಿ ಕಟ್ಟುತ್ತದೆ, ಒತ್ತಡ ಏರುತ್ತದೆ. ಕೂತಿತು ಅಂದಮಾತ್ರಕ್ಕೆ ಸರಿ ಅಂತಲ್ಲ.

ಬಿಚ್ಚಿದ ನಳಿಗೆಯನ್ನು ಕೊಕ್ಕೆಯಿಂದ ದಾರದಲ್ಲಿ ತೂಗುಬಿಟ್ಟು ಬೆರಳಗಂಟಿನಿಂದ ಮೆಲ್ಲಗೆ ಬಡಿದಾಗ ಬಾಕ್ಸ್‌ಲಾಕಿನದು ಗಂಟೆಯ ಹಾಗೆ ನಾದ ಎಳೆಯಿತು. ಸೈಡ್‌ಲಾಕಿನದು ಮೊದ್ದು ಸದ್ದು. ಎರಡು ನಳಿಗೆಗಳ ನಡುವಿನ ಪಟ್ಟಿಯ ಬೆಸುಗೆ ಎಲ್ಲೋ ಬಿಟ್ಟಿದೆ ಎಂದರ್ಥ. ಆ ಸಂದಿಗೆ ನೀರು ಹೊಕ್ಕರೆ ಒಳಗೊಳಗೇ ತುಕ್ಕು. ಒಳಗೋಡೆಯನ್ನು ಬೆಳಕಿಗೆ ಹಿಡಿದು ನೋಡಿದರೆ ತುಕ್ಕಿನ ಕುಳಿಗಳೂ ಇದ್ದವು. ಮಳೆಗಾಲದಲ್ಲಿ ಬಟ್ಟೆ ಚೀಲದೊಳಗೇ ನಿಲ್ಲಿಸಿಟ್ಟ ಬಂದೂಕಿನ ಪಾಡು ಇದೇ. ಚೀಲ ತಂಪು ಹಿಡಿದುಕೊಳ್ಳುತ್ತದೆ, ಕಬ್ಬಿಣ ಅದನ್ನು ಉಣ್ಣುತ್ತದೆ. ಚುನಾವಣೆ ಹೊತ್ತಿಗೆ ಬಂದೂಕನ್ನು ಠಾಣೆಗೆ ಜಮಾ ಮಾಡುವವರೂ ಎಣ್ಣೆ ಒರೆಸಿಯೇ ಕೊಡಬೇಕು.

ಕುಳಿ ಇದ್ದರೆ ಒಳಗೆ ಉಜ್ಜಿ ತೆಗೆಯಬಹುದಲ್ಲ ಅನ್ನುತ್ತಾರೆ. ಉಜ್ಜಿದಷ್ಟೂ ಗೋಡೆ ತೆಳುವಾಗುತ್ತದೆ. ಈ ಕಸುಬಿನವರು ಸಾಮಾನ್ಯವಾಗಿ ಒಪ್ಪುವ ಕನಿಷ್ಠ ದಪ್ಪ 0.020 ಇಂಚು, ಸುಮಾರು ಅರ್ಧ ಮಿ.ಮೀ. ಬಾಯಿಯ ಹತ್ತಿರ ವರ್ನಿಯರ್ ಹಿಡಿದು ಅಳೆದರೆ ಏನೂ ತಿಳಿಯದು. ತೆಳುವಾದ ಜಾಗ ನಡುವೆ ಎಲ್ಲಾದರೂ ಇದ್ದೀತು. ಅದಕ್ಕೆಂದೇ ಇರುವ ಉದ್ದ ಕಡ್ಡಿಯ ಗೇಜಿನಿಂದ ಸುತ್ತಲೂ ನೋಡಬೇಕು. ಸೈಡ್‌ಲಾಕಿನ ಎಡನಳಿಗೆ ಆ ಗಡಿಯಿಂದ ಕೆಳಗಿತ್ತು. ಕೆತ್ತನೆಯ ಮಾತು ಅಲ್ಲಿಗೆ ನಿಂತಿತು.

ಜೋಡಣೆ ನೋಡುವಾಗ ಮುಂಗೈ ಹಿಡಿಯುವ ಕಟ್ಟಿಗೆಯನ್ನು ಕಳಚಿಯೇ ಅಲ್ಲಾಡಿಸಬೇಕು. ಅದರ ಸ್ಪ್ರಿಂಗ್ ಒತ್ತಿ ಹಿಡಿದಿದ್ದರೆ ಸಡಿಲು ಮುಚ್ಚಿಹೋಗುತ್ತದೆ. ಬಾಕ್ಸ್‌ಲಾಕಿನಲ್ಲಿ ಕಟಕಟ ಇರಲಿಲ್ಲ, ನಳಿಗೆಗೂ ಹಿಂಬದಿ ಮುಖಕ್ಕೂ ನಡುವೆ ಬೆಳಕೂ ಕಾಣಲಿಲ್ಲ. ಟ್ರಿಗರು ಮುಂದಿನದು 3½ ಪೌಂಡು, ಹಿಂದಿನದು 4ರ ಆಸುಪಾಸು ಇದ್ದರೆ ಒಳ್ಳೆಯದು. ಇದರದು ತುಸು ಬಿಗಿ, ಸಹಿಸಬಹುದು. ಬರಿದೇ ಒತ್ತದೆ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಡಮ್ಮಿ ತೋಟೆ) ಹಾಕಿ ಒತ್ತಬೇಕು, ಇಲ್ಲವಾದರೆ ತೋಟೆಗೆ ಬಡಿಯುವ ಹಳೇ ಸೂಜಿ ಮುರಿದೀತು.

ಕೊರತೆ ಇದ್ದದ್ದು ಹಿಡಿಯಲ್ಲಿ. ನಳಿಗೆಯ ಮೇಲಿನ ಪಟ್ಟಿಗೆ ಉದ್ದ ಪಟ್ಟಿಗೋಲು ಇಟ್ಟು ಹಿಂದಕ್ಕೆ ಚಾಚಿ ಅಳೆದರೆ ಹಿಮ್ಮಡಿಯ (ಹಿಡಿಯ ಹಿಂತುದಿಯ ಮೇಲಂಚಿನ) ಇಳಿವು ಸುಮಾರು 3 ಇಂಚು. ಹಳೆಯವು ಹೀಗೆ ಇಳಿದಿರುವುದು ಹೆಚ್ಚು, ಈಗಿನವರಿಗೆ ಎರಡು ಎರಡೂಕಾಲು ಸಾಕು. ಕೆನ್ನೆ ತಗ್ಗಿ ಕಣ್ಣು ಕೆಳಗೆ ಕೂತರೆ ಚರೆ ಬಿಲ್ಲೆಯ ಅಡಿಗೆ ಹೋಗುತ್ತದೆ. ಸಾಲದ್ದಕ್ಕೆ ಅಕ್ಕಪಕ್ಕ ಜೋಡಿಸಿದ ನಳಿಗೆ ಹಾರಿಸಿದಾಗ ತುಸು ಕೆಳಕ್ಕೆ ಬಾಗುತ್ತದೆ. ಟ್ರ್ಯಾಪಿನಲ್ಲಿ, ಅಂದರೆ ಬಿಲ್ಲೆ ನಮ್ಮಿಂದ ದೂರ ಹಾರುವ ಪಂದ್ಯದಲ್ಲಿ, ಬಿಲ್ಲೆ ಏರುತ್ತಲೇ ಹೋಗುವುದರಿಂದ ಇದು ದೊಡ್ಡ ತಾಪತ್ರಯ. ಬಿಸಿ ಎಣ್ಣೆಯಿಂದ ಹಿಡಿಯ ಕೊರಳು ಬಾಗಿಸುವವರಿದ್ದಾರೆ, ಆದರೆ ಎಣ್ಣೆ ಕುಡಿದು ಕಪ್ಪಾದ ಕೊರಳು ಸೀಳುವ ಭಯ. ಸದ್ಯಕ್ಕೆ ಚರ್ಮದ ಕೆನ್ನೆಪಟ್ಟಿ ಕಟ್ಟಿ ಎತ್ತರಿಸುವುದೇ ಜಾಣತನ.

ಚರೆ ಹರಡದಂತೆ ನಳಿಗೆಯ ಬಾಯಿ ಕಿರಿದು ಮಾಡುವುದಕ್ಕೆ ಚೋಕ್ ಅನ್ನುತ್ತಾರೆ. ಬಲನಳಿಗೆ ಇಂಪ್ರೂವ್ಡ್ ಸಿಲಿಂಡರ್ (ತುಸುವೇ ಕಿರಿದು), ಎಡದ್ದು ಹಾಫ್ ಚೋಕ್ (ಇನ್ನಷ್ಟು ಕಿರಿದು). ಬಿಲ್ಲೆ ಹತ್ತಿರದಲ್ಲೇ ಅಡ್ಡ ಹಾರುವ ಸ್ಕೀಟಿಗೆ ಬಲ ಸಾಕು, ಟ್ರ್ಯಾಪಿನ ದೂರಕ್ಕೆ ಎಡ. ಮುದ್ರೆ ನಂಬದೆ 40 ಗಜದಲ್ಲಿ ಹಾಳೆ ನಿಲ್ಲಿಸಿ, 30 ಇಂಚಿನ ವೃತ್ತದಲ್ಲಿ ಬಿದ್ದ ಚರೆ ಎಣಿಸಬೇಕು: ಮೊದಲನೆಯದಕ್ಕೆ ನೂರಕ್ಕೆ 50, ಎರಡನೆಯದಕ್ಕೆ 60 ಬಿದ್ದರೆ ಸರಿ.

ಬಾಕ್ಸ್‌ಲಾಕೇ ಆಯ್ಕೆ. ಹಾಕಬೇಕಾದದ್ದು 65 ಮಿ.ಮೀ.ನ, 24 ಗ್ರಾಂ ಚರೆಯ ತೋಟೆ. ಮೂರು ಕಿಲೋಗಿಂತ ತುಸು ಹಗುರಾದ ಬಂದೂಕಿಗೆ ಅದಕ್ಕಿಂತ ಭಾರ ಹಾಕಿದರೆ ಭುಜಕ್ಕೂ ಬೇಡ, ಹಳೇ ಕಟ್ಟಿಗೆಗೂ ಬೇಡ. ಕಾಗದಪತ್ರದ ಮಟ್ಟಿಗೆ, ಪರವಾನಗಿದಾರರೇ ಪರಸ್ಪರ ಮಾರುವುದಾದರೆ ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಮೊದಲೇ ಲಿಖಿತವಾಗಿ ತಿಳಿಸಿ 45 ದಿನ ಕಾಯಬೇಕು. ಆ ಅವಧಿಯಲ್ಲಿ ಕೆನ್ನೆಪಟ್ಟಿಯನ್ನೂ, ಬಿಸಿಯಾದ ನಳಿಗೆ ಹಿಡಿಯಲು ಎಡಗೈಗೆ ಚರ್ಮದ ಕೈಗಾಪನ್ನೂ ಹೊಲಿಸಿಟ್ಟುಕೊಳ್ಳಬಹುದು.