ಚೀಲದ ತಳದಲ್ಲಿ ಉಳಿದ ಬಟ್ಟೆ

ಪ್ರತಿ ಭಾನುವಾರ ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಕೌದಿ, ಅಂದರೆ ಬಟ್ಟೆಯ ತುಂಡುಗಳನ್ನು ಸೇರಿಸಿ ಮಾಡುವ ಹೊದಿಕೆ, ಹೊಲಿಯುವುದನ್ನು ಹೇಳಿಕೊಡುತ್ತೇನೆ. ಶುರುಮಾಡಿ ಆರು ವರ್ಷ ಆಯಿತು. ಒಂದು ಸಲಕ್ಕೆ ಏಳೆಂಟು ಜನ ಬರುತ್ತಾರೆ. ಅದಕ್ಕಿಂತ ಜಾಸ್ತಿ ಆದರೆ ನೆಲದ ಮೇಲೆ ಬಟ್ಟೆ ಹರವಲು ಜಾಗ ಸಾಲುವುದಿಲ್ಲ.

ಮೊದಲ ದಿನ ಎಲ್ಲರನ್ನೂ ಒಂದು ಪ್ರಶ್ನೆ ಕೇಳುತ್ತೇನೆ. ಕೌದಿಯನ್ನೇ ಯಾಕೆ ಕಲಿಯಬೇಕು ಅನ್ನಿಸಿತು? ಉತ್ತರಗಳು ಹೆಚ್ಚುಕಡಿಮೆ ಒಂದೇ ಥರ. ವಿಡಿಯೋ ನೋಡಿದೆ, ಚೆನ್ನಾಗಿತ್ತು. ಮನೆಯಲ್ಲಿ ಹಳೇ ಬಟ್ಟೆ ರಾಶಿ ಬಿದ್ದಿದೆ. ಕೆಲಸದಿಂದ ನಿವೃತ್ತಿ ಆಯಿತು, ಹೊತ್ತು ಹೋಗಬೇಕಲ್ವಾ. ಸುಮ್ನೆ ಬಂದೆ.

ಯಾವುದೂ ಸುಳ್ಳಲ್ಲ. ಆದರೆ ಮೂರನೇ ವಾರವೋ ನಾಲ್ಕನೇ ವಾರವೋ ಅವರ ಚೀಲದ ತಳದಿಂದ ಒಂದು ಬಟ್ಟೆ ಮೇಲೆ ಬರುತ್ತದೆ. ಮೊದಲ ದಿನದಿಂದಲೂ ಅದು ಅಲ್ಲೇ ಇರುತ್ತದೆ. ಬಿಸಾಡಲು ಕೈ ಬರುವುದಿಲ್ಲ. ಹಾಕಿಕೊಳ್ಳಲೂ ಆಗುವುದಿಲ್ಲ. ಕಪಾಟಿನಲ್ಲಿ ಇಟ್ಟರೆ ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಆ ಬಟ್ಟೆಯನ್ನು ಏನು ಮಾಡಬೇಕು ಅಂತ ಗೊತ್ತಾಗದೆ ಅವರು ನನ್ನ ಹತ್ತಿರ ಬಂದಿರುತ್ತಾರೆ. ಇದು ನನಗೆ ಹೇಗೆ ಗೊತ್ತು ಅಂದರೆ, ನಾನೂ ಹಾಗೇ ಶುರುಮಾಡಿದವಳು.

ನಮ್ಮ ಅಪ್ಪನಿಗೆ ಮರೆವಿನ ಕಾಯಿಲೆ ಬಂತು. ಮೊದಲು ಹೆಸರುಗಳು ಹೋದವು, ಆಮೇಲೆ ದಾರಿಗಳು. ಕೊನೆಯ ಎರಡು ವರ್ಷ ಅವರ ಕೈಗಳು ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚನ್ನು ಚಿವುಟುವುದು, ಎಳೆ ಕೀಳುವುದು, ತೊಟ್ಟ ಅಂಗಿಯ ಗುಂಡಿಗಳನ್ನು ಬಿಚ್ಚಿ ಬಿಚ್ಚಿ ಹಾಕುವುದು. ಹೀಗೆ ಕೈ ತಡಕಾಡುವವರಿಗೆ ಅಂತಲೇ ತೊಡೆಯ ಮೇಲೆ ಹಾಸುವ ಚಿಕ್ಕ ಕೌದಿ ಹೊಲಿಯುತ್ತಾರೆ ಅಂತ ಆಗಲೇ ಓದಿದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಫಿಡ್ಜೆಟ್ ಕ್ವಿಲ್ಟ್ ಅನ್ನುತ್ತಾರೆ. ಅದರಲ್ಲಿ ಗುಂಡಿ, ಜಿಪ್, ಕಿಸೆ, ಲಾಡಿ, ಒರಟು ಬಟ್ಟೆ, ನುಣುಪು ಬಟ್ಟೆ ಎಲ್ಲ ಇರುತ್ತವೆ. ಬೆರಳುಗಳಿಗೆ ಮಾಡಲು ಏನಾದರೂ ಸಿಗುತ್ತದೆ.

ನನಗೆ ಆಗ ಗುಂಡಿ ಹಚ್ಚುವುದು ಬಿಟ್ಟರೆ ಬೇರೆ ಹೊಲಿಗೆ ಬರುತ್ತಿರಲಿಲ್ಲ. ಅಪ್ಪ ಮೂವತ್ತೊಂದು ವರ್ಷ ಆಫೀಸಿಗೆ ತುಂಬುತೋಳಿನ ಅಂಗಿ ಹಾಕಿಕೊಂಡು ಹೋದವರು. ಅದರಲ್ಲಿ ನಾಲ್ಕು ತೆಗೆದೆ. ಎರಡು ಅಂಗಿಗಳ ಮುಂಭಾಗವನ್ನು ಗುಂಡಿ, ಕಾಜಾ ಸಮೇತ ಕತ್ತರಿಸಿಕೊಂಡೆ. ಒಂದು ಕಿಸೆಯನ್ನು ಹಾಗೇ ಉಳಿಸಿ ಅದರಲ್ಲಿ ಕರ್ಚೀಫು ಇಟ್ಟೆ. ಹಳೇ ಚೀಲದ ಜಿಪ್ ಒಂದನ್ನು ಅಡ್ಡ ಹಚ್ಚಿದೆ. ಗುಂಡಿ ಕಿತ್ತು ಬಾಯಿಗೆ ಹೋಗಬಾರದು ಅಂತ ಒಂದೊಂದನ್ನೂ ಜೋಡಿ ದಾರದಲ್ಲಿ ಮೂರು ಸಲ ಬಿಗಿದೆ. ಇಪ್ಪತ್ತು ಇಂಚು ಅಗಲ, ಇಪ್ಪತ್ನಾಲ್ಕು ಇಂಚು ಉದ್ದ. ಮುಗಿಸಲು ಹನ್ನೊಂದು ರಾತ್ರಿ ಬೇಕಾಯಿತು.

ತೊಡೆಯ ಮೇಲೆ ಹಾಸಿದ ದಿನ ಅಪ್ಪ ಮೊದಲು ಕಿಸೆಗೆ ಕೈ ಹಾಕಿದರು. ಕರ್ಚೀಫು ತೆಗೆದು ನೋಡಿದರು, ಮಡಚಿ ಮತ್ತೆ ಒಳಗಿಟ್ಟರು. ಆಮೇಲೆ ಗುಂಡಿಗಳು. ಮೇಲಿನಿಂದ ಕೆಳಗೆ ಬಿಚ್ಚುವುದು, ಕೆಳಗಿನಿಂದ ಮೇಲೆ ಹಾಕುವುದು. ಆ ಸಂಜೆ ಹೊದಿಕೆಯ ಅಂಚನ್ನು ಅವರು ಮುಟ್ಟಲಿಲ್ಲ. ನಾನು ಕೌದಿ ಹಿಡಿದಿದ್ದು ಹೀಗೆ.

ಹೋದ ವರ್ಷ ಒಬ್ಬ ಹೆಂಗಸು ಬಂದಿದ್ದರು. ಮೂರು ವಾರ ಹೊಸ ಬಟ್ಟೆಯನ್ನೇ ಕತ್ತರಿಸಿದರು. ನಾಲ್ಕನೇ ವಾರ ಚೀಲದಿಂದ ಗಂಡನ ಕೆಲಸದ ಪ್ಯಾಂಟು ತೆಗೆದರು. ಮಂಡಿಯ ಹತ್ತಿರ ಸವೆದು ಬೆಳ್ಳಗಾಗಿತ್ತು. ಹಿಂದಿನ ಕಿಸೆ ಬಿಚ್ಚಿದಾಗ ಅದರಡಿ ಬಟ್ಟೆಯ ಮೊದಲ ಬಣ್ಣ ಹಾಗೇ ಇತ್ತು, ಕಡುನೀಲಿ. ಬಿಸಿಲೂ ನೀರೂ ತಾಕದೆ ಉಳಿದ ಚೌಕ. ಅದನ್ನು ಕತ್ತರಿಸಬೇಡಿ, ಹಾಗೇ ನಡುವಿಗೆ ಇಡಿ ಅಂದೆ.

ಅಮೆರಿಕದ ಅಲಬಾಮಾದಲ್ಲಿ, ನದಿಯೊಂದರ ತಿರುವಿನಲ್ಲಿ ಜೀಸ್ ಬೆಂಡ್ ಅನ್ನುವ ಊರಿದೆ. ಅಲ್ಲಿನ ಕಪ್ಪು ಹೆಂಗಸರ ಕೌದಿಗಳಲ್ಲೂ ಇಂಥ ಕಿಸೆಯ ಗುರುತುಗಳು ಕಾಣುತ್ತವೆ. ಅವರಲ್ಲಿ ಮಿಸೌರಿ ಪೆಟ್‌ವೇ ಒಬ್ಬರು. ಗಂಡ ತೀರಿಕೊಂಡ ಮೇಲೆ, 1942ರಲ್ಲಿ, ಅವನ ಕೆಲಸದ ಬಟ್ಟೆಗಳನ್ನೆಲ್ಲ ಸೇರಿಸಿ ಒಂದು ಕೌದಿ ಹೊಲಿದರು. ಅವನ ನೆನಪಿಗೆ, ಅವನ ಪ್ರೀತಿಯನ್ನು ಹೊದ್ದು ಮಲಗಲು. ಆಗ ಹದಿಹರೆಯದಲ್ಲಿದ್ದ ಮಗಳು ಆರ್ಲೊಂಜಿಯಾ ಜೊತೆಗೆ ಕೂತು ಕೈಜೋಡಿಸಿದ್ದಳು. ಈ ಸಂಗತಿಯನ್ನು ಮುಂದೆ ಹೇಳಿದ್ದೂ ಅವಳೇ. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಮ್ಯೂಸಿಯಮ್ಮಿನಲ್ಲಿ ಆ ಊರಿನ ಕೌದಿಗಳನ್ನು ಗೋಡೆಗೆ ತೂಗುಹಾಕಿದರು. ನೋಡಿದವರು ಆಧುನಿಕ ಚಿತ್ರಕಲೆಗೆ ಹೋಲಿಸಿ ಹೊಗಳಿದರು. ಹೊಗಳಿಕೆ ಸರಿಯೇ. ಆದರೆ ನನಗೆ ಆ ಕೌದಿಯ ಫೋಟೋ ನೋಡಿದಾಗ ಮೊದಲು ನೆನಪಾಗುವುದು ಚಳಿಗೆ ಅದರಡಿ ಮಲಗಿದ ಆ ತಾಯಿ.

ನಮ್ಮ ಹೆಂಗಸಿಗೂ ಆ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಮುಂದಿನ ವಾರ ಇನ್ನೂ ಎರಡು ಪ್ಯಾಂಟು ತಂದರು.

ಎಲ್ಲರೂ ಸಾವಿನ ಕಾರಣಕ್ಕೇ ಬರುತ್ತಾರೆ ಅಂತಲ್ಲ. ಒಬ್ಬ ಹುಡುಗಿಯ ಮಗು ದಿನ ತುಂಬುವ ಮುಂಚೆಯೇ ಹುಟ್ಟಿತ್ತು. ಐದು ವಾರ ಇನ್‌ಕ್ಯುಬೇಟರಿನಲ್ಲಿ ಇಟ್ಟಿದ್ದರಂತೆ. ಅಷ್ಟು ಚಿಕ್ಕ ಕಣ್ಣಿಗೆ ಬೆಳಕು ಬೀಳಬಾರದು ಅಂತ ಆ ಗಾಜಿನ ಪೆಟ್ಟಿಗೆಯ ಮೇಲೆ ಪುಟ್ಟ ಕೌದಿ ಹೊದಿಸಿದ್ದರು. ಯಾರೋ ಹೊಲಿದು ಕೊಟ್ಟಿದ್ದು, ಹೆಸರಿಲ್ಲ. ಮಗುವನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ. ರಾತ್ರಿಯೆಲ್ಲ ಅವಳು ಆ ಕೌದಿಯ ಹೊಲಿಗೆಗಳನ್ನೇ ಎಣಿಸುತ್ತಾ ಕೂರುತ್ತಿದ್ದಳಂತೆ. "ನಾಲ್ಕನೇ ಸಾಲಿನಲ್ಲಿ ಒಂದು ಹೊಲಿಗೆ ಮಾತ್ರ ದೊಡ್ಡದಾಗಿತ್ತು ಅಕ್ಕಾ. ಅಲ್ಲಿ ಅವರಿಗೆ ನಿದ್ದೆ ಬಂದಿರಬೇಕು" ಅಂದಳು. ಆ ಒಂದು ಹೊಲಿಗೆಯಿಂದ ಅವಳಿಗೆ ಆಚೆ ಯಾರೋ ಒಬ್ಬರು ಇದ್ದಾರೆ ಅನ್ನಿಸಿತಂತೆ. ಮಗುವಿಗೆ ಈಗ ಮೂರು ವರ್ಷ. ಅವಳು ಇಲ್ಲಿಯವರೆಗೆ ಹದಿನಾಲ್ಕು ಪುಟ್ಟ ಕೌದಿ ಹೊಲಿದು ಕೊಟ್ಟಿದ್ದಾಳೆ. ಯಾವುದರ ಮೇಲೂ ಹೆಸರು ಹಾಕಿಲ್ಲ.

ಹೆಸರು ಹಾಕಲೆಂದೇ ಹೊಲಿದವರೂ ಇದ್ದಾರೆ. 1942ರ ಫೆಬ್ರವರಿಯಲ್ಲಿ ಜಪಾನಿನ ಸೈನ್ಯ ಸಿಂಗಪುರವನ್ನು ಹಿಡಿದ ಮೇಲೆ ಅಲ್ಲಿದ್ದ ಪರದೇಶದ ಹೆಂಗಸರನ್ನೂ ಮಕ್ಕಳನ್ನೂ ಚಾಂಗಿ ಜೈಲಿಗೆ ಹಾಕಿದರು. ಗಂಡಂದಿರು ಬೇರೆ ಕಡೆ ಸೆರೆಯಲ್ಲಿದ್ದರು. ಯಾರು ಬದುಕಿದ್ದಾರೆ, ಯಾರಿಲ್ಲ ಅಂತ ತಿಳಿಯುವ ದಾರಿ ಇರಲಿಲ್ಲ. ಕೆನಡಾದ ಎಥೆಲ್ ಮಲ್ವಾನಿ ಅನ್ನುವವರು ಒಂದು ಉಪಾಯ ಮಾಡಿದರು. ಗಾಯಗೊಂಡ ಸೈನಿಕರ ಆಸ್ಪತ್ರೆಗೆ ಅಂತ ಹೇಳಿ ಕೌದಿ ಹೊಲಿಸಿದರು. ಒಬ್ಬೊಬ್ಬರಿಗೂ ಆರಿಂಚಿನ ಒಂದು ಚೌಕ ಬಟ್ಟೆ. ಅದರಲ್ಲಿ ತಮ್ಮ ಹೆಸರನ್ನೂ ತಮ್ಮದೇ ಆದ ಏನಾದರೊಂದನ್ನೂ ಕಸೂತಿ ಮಾಡಬೇಕು. ಒಂದು ಕೌದಿಗೆ 66 ಚೌಕ. ಆ ಬಟ್ಟೆ ಆಸ್ಪತ್ರೆ ತಲುಪಿದರೆ, ಹೆಂಡತಿ ಜೀವಂತ ಇದ್ದಾಳೆ ಅನ್ನುವ ಸುದ್ದಿಯೂ ತಲುಪಿದ ಹಾಗೆ. ಅದರಲ್ಲಿ ಎರಡು ಕೌದಿ ಈಗ ಆಸ್ಟ್ರೇಲಿಯಾದ ಯುದ್ಧ ಸ್ಮಾರಕದಲ್ಲಿವೆ. ಆರಿಂಚು ಅಂದರೆ ಎಷ್ಟು ಅಂತ ತೋರಿಸಲು ನಾನು ಯಾವಾಗಲೂ ಒಂದು ಚೌಕ ಕತ್ತರಿಸಿ ಅಂಗೈ ಮೇಲೆ ಇಡುತ್ತೇನೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ಪತ್ರಕ್ಕೆ ಅಷ್ಟು ಜಾಗ ಸಾಕಾಗಿತ್ತು.

ಇನ್ನೊಂದು ಅಳತೆಯನ್ನು ಒಮ್ಮೆ ನಾನೇ ನೆಲದ ಮೇಲೆ ಟೇಪಿನಲ್ಲಿ ಗುರುತು ಮಾಡಿ ನೋಡಿದ್ದೇನೆ. ಮೂರು ಅಡಿ ಅಗಲ, ಆರು ಅಡಿ ಉದ್ದ. ಏಡ್ಸ್‌ನಿಂದ ಸತ್ತವರ ನೆನಪಿಗೆ ಸ್ಯಾನ್‌ಫ್ರಾನ್ಸಿಸ್ಕೋದ ಕ್ಲೀವ್ ಜೋನ್ಸ್ ಮತ್ತು ಅವರ ಗೆಳೆಯರು ಶುರುಮಾಡಿದ ಕೌದಿಯ ಒಂದೊಂದು ತುಂಡಿನ ಅಳತೆ ಅದು. ಒಬ್ಬ ಮನುಷ್ಯನ ಗೋರಿಯಷ್ಟು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನಲ್ಲಿ ಮೊದಲ ಸಲ ಹರವಿದಾಗ 1,920 ತುಂಡುಗಳಿದ್ದವು. ಅದಕ್ಕೆ ಹೊಲಿದವರಲ್ಲಿ ಎಷ್ಟೋ ಜನ ಅದಕ್ಕೆ ಮುಂಚೆ ಸೂಜಿಯನ್ನೇ ಹಿಡಿದವರಲ್ಲ. ನಮ್ಮ ನಡುಮನೆಯಲ್ಲಿ ಗುರುತು ಮಾಡಿದರೆ ಅಂಥವು ಆರು ಹಿಡಿಯುತ್ತವೆ, ಅಷ್ಟೇ. ಆ ದಿನ ಟೇಪನ್ನು ಬೇಗ ಕಿತ್ತುಬಿಟ್ಟೆ.

ಹೀಗೆಲ್ಲ ಬರೆದ ಮೇಲೆ ನಮ್ಮ ಮೇಷ್ಟ್ರ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಅವರು ಗಣಿತ ಪಾಠ ಮಾಡಿ ನಿವೃತ್ತರಾದವರು. ಎರಡು ವರ್ಷದಿಂದ ಒಂದು ಭಾನುವಾರವೂ ತಪ್ಪಿಸಿಲ್ಲ. ಅವರ ಚೀಲದ ತಳದಲ್ಲಿ ಯಾವ ಬಟ್ಟೆಯೂ ಇಲ್ಲ. "ನನಗೆ ತ್ರಿಕೋನ ಇಷ್ಟಮ್ಮ, ಅದಕ್ಕೇ ಬಂದೆ" ಅಂದರು ಮೊದಲ ದಿನ. ಈಗಲೂ ಅದನ್ನೇ ಅನ್ನುತ್ತಾರೆ.

ತ್ರಿಕೋನಗಳನ್ನು ಮೊದಲೇ ಕತ್ತರಿಸಿ ಹೊಲಿದರೆ ಓರೆ ಅಂಚು ಎಳೆದುಕೊಂಡು ಆಕಾರ ಕೆಡುತ್ತದೆ. ಅದಕ್ಕೆ ಎರಡು ಬಣ್ಣದ ಚೌಕಗಳನ್ನು ಒಂದರ ಮೇಲೊಂದು ಇಟ್ಟು, ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಗೆರೆಯ ಎರಡೂ ಕಡೆ ಕಾಲು ಇಂಚು ಬಿಟ್ಟು ಹೊಲಿಯುತ್ತೇವೆ. ಆಮೇಲೆ ಗೆರೆಯ ಮೇಲೆ ಕತ್ತರಿಸಿದರೆ ಎರಡು ಬಣ್ಣದ ಎರಡು ಚೌಕ ತಯಾರು. ಕೊನೆಗೆ 3 ಇಂಚಿನ ಚೌಕ ಬರಬೇಕು ಅಂದರೆ ಮೊದಲು 3 7/8 ಇಂಚು ಕತ್ತರಿಸಬೇಕು. ಆ 7/8 ಎಲ್ಲಿಂದ ಬಂತು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಮೇಷ್ಟ್ರು ಹಾಳೆಯ ಮೇಲೆ ಕರ್ಣ ಎಳೆದು, ಎರಡರ ವರ್ಗಮೂಲ ಹಾಕಿ, ಎಲ್ಲರಿಗೂ ತೋರಿಸಿದರು. ಲೆಕ್ಕದಲ್ಲಿ 7/8ಕ್ಕಿಂತ ಕೂದಲೆಳೆ ಕಡಿಮೆ ಬರುತ್ತದೆ. ಆ ಕೂದಲೆಳೆ ಬಟ್ಟೆಯ ಮಡಿಕೆಯಲ್ಲಿ ಹೋಗುತ್ತದೆ ಅಂದರು. ಅಷ್ಟು ಖುಷಿಯ ಮುಖವನ್ನು ನಮ್ಮ ನಡುಮನೆಯಲ್ಲಿ ನಾನು ನೋಡಿದ್ದು ಕಡಿಮೆ. ದುಃಖವಿಲ್ಲದೆ ಬರೀ ಕುತೂಹಲದಿಂದಲೂ ಕೌದಿ ಹುಟ್ಟುತ್ತದೆ. ಅದೂ ಅಷ್ಟೇ ಬೆಚ್ಚಗಿರುತ್ತದೆ.

ಉಳಿದವರಿಗೆ ಕಷ್ಟವಾಗುವುದು ಹೊಲಿಗೆಯಲ್ಲ, ಕತ್ತರಿ. ಆ ಚೀಲದ ತಳದ ಬಟ್ಟೆಗೆ ಮೊದಲ ಕತ್ತರಿ ಹಾಕುವಾಗ ಕೈ ನಡುಗುತ್ತದೆ. ಅಜ್ಜಿಯ ಸೀರೆ ತಂದ ಒಬ್ಬ ಹುಡುಗ ಎರಡು ತಿಂಗಳು ಕತ್ತರಿಯನ್ನೇ ಎತ್ತಲಿಲ್ಲ. ಅವನಿಗೆ ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಕವಂದಿ, ಅಂದರೆ ಅವರ ಕೌದಿ, ಹೊಲಿಯುವ ಕ್ರಮ ಹೇಳಿಕೊಟ್ಟೆ. ಅದರಲ್ಲಿ ಅಳತೆ ಹಿಡಿದು ಒಂದೇ ಗಾತ್ರಕ್ಕೆ ಕತ್ತರಿಸುವ ಕೆಲಸ ಇಲ್ಲ. ಕೆಳಗೆ ದೊಡ್ಡ ಬಟ್ಟೆ ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚು ಮಡಚಿಕೊಂಡು, ಸಿಕ್ಕ ತುಂಡನ್ನು ಸಿಕ್ಕ ಆಕಾರದಲ್ಲೇ ಇಟ್ಟು ರನ್ನಿಂಗ್ ಸ್ಟಿಚ್ ಹಾಕುತ್ತಾ ಸುತ್ತು ಬರುವುದು. ಸುತ್ತು ಸುತ್ತಿ ಕೊನೆಗೆ ನಡುವಿಗೆ ತಲುಪುವುದು. ಸೀರೆ ಹಳೆಯದಾದ್ದರಿಂದ ಕೆಲವು ಕಡೆ ತಾನಾಗಿಯೇ ಹರಿದಿತ್ತು. ಹರಿದ ಕಡೆಯಿಂದ ಶುರುಮಾಡಿದ. ಸೆರಗನ್ನು ಕೊನೆಗೆ ಅಂತ ಎತ್ತಿಟ್ಟುಕೊಂಡಿದ್ದಾನೆ. ಇನ್ನೂ ನಡುವಿಗೆ ಒಂದು ಮೊಳ ಉಳಿದಿದೆ.

ಅವನು ಹೋದ ವಾರ ಕೇಳಿದ. "ಅಕ್ಕಾ, ನಿಮ್ಮ ಮೊದಲನೇ ಕೌದಿ ತೋರಿಸ್ತೀರಾ?" ಒಳಗಿಂದ ತಂದು ತೋರಿಸಿದೆ. ಹುಡುಗ ಅದನ್ನು ತೊಡೆಯ ಮೇಲೆ ಹಾಸಿಕೊಂಡು ಜಿಪ್ ಎಳೆದ, ಕಿಸೆಯೊಳಗೆ ಬೆರಳು ಹಾಕಿದ. ಆಮೇಲೆ ಗುಂಡಿಗಳನ್ನು ನೋಡಿ, "ಇದು ತಪ್ಪಾಗಿ ಹಾಕಿದೆ ಅಕ್ಕಾ, ಸರಿ ಮಾಡ್ಲಾ?" ಅಂದ.

ಮೂರನೇ ಗುಂಡಿ ನಾಲ್ಕನೇ ಕಾಜಾದಲ್ಲಿದೆ. ಅಪ್ಪ ಕೊನೆಯ ಸಲ ಹಾಕಿದ್ದು ಹಾಗೆ. ಬೇಡಪ್ಪಾ, ಅದು ಹಾಗೇ ಇರಲಿ ಅಂದೆ. ಅದನ್ನು ನಾನು ಮಷಿನ್‌ಗೆ ಹಾಕುವುದಿಲ್ಲ. ಬಕೆಟ್ಟಿನಲ್ಲಿ ಕೈಯಲ್ಲೇ ಅದ್ದಿ, ಆ ಭಾಗವನ್ನು ಹಿಂಡದೆ, ನೆರಳಿನಲ್ಲಿ ಹರವುತ್ತೇನೆ.