ಷುಗರ್ ಇದ್ದವರು ಹಿಂಡಿ ತಿನ್ನಬಹುದೇನ್ರಿ?

ಕೊಪ್ಪಳದಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಹಿಂಡಿ (ಅಂದರೆ ಚಟ್ನಿಪುಡಿ) ಮಾಡಿ ಮಾರುತ್ತೇನೆ. ರೊಟ್ಟಿ ಕಟ್ಟಿಸಿಕೊಳ್ಳಲು ಬಂದವರಲ್ಲಿ ದಿನಕ್ಕೊಬ್ಬರಾದರೂ ಕೇಳುತ್ತಾರೆ: "ಅಕ್ಕಾರ, ನಮ್ಮನ್ಯಾಗ ಷುಗರ್ ಐತ್ರಿ. ಹಿಂಡಿ ತಿಂದ್ರ ನಡೀತೈತೇನ್ರಿ?" ತೂಕ ಇಳಿಸಲು ಹೊರಟ ಹುಡುಗಿಯರು ಅದನ್ನೇ ಬೇರೆ ಥರ ಕೇಳುತ್ತಾರೆ: "ಆಂಟಿ, ಇದ್ರಾಗ ಕಾರ್ಬ್ ಎಷ್ಟೈತಿ?"

ನಡೆಯುತ್ತದೆ. ಆದರೆ ಯಾವ ಹಿಂಡಿ, ಅದರ ಜೊತೆ ಎಷ್ಟು ರೊಟ್ಟಿ ಅಂತ ನಾನು ತಿರುಗಿ ಕೇಳುತ್ತೇನೆ.

ನನ್ನ ಮೊದಲ ಓಟು ಅಗಸಿ ಹಿಂಡಿಗೆ. 100 ಗ್ರಾಂ ಅಗಸಿಯಲ್ಲಿ ಸುಮಾರು 29 ಗ್ರಾಂ ಕಾರ್ಬೋಹೈಡ್ರೇಟ್ ಇದೆ ಅಂತ ಓದಿ ಹೆದರಬೇಡಿ. ಅದರಲ್ಲಿ 27 ಗ್ರಾಂ ಬರೀ ನಾರು. ನಾರಿನಿಂದ ಷುಗರ್ ಏರುವುದಿಲ್ಲ. ಇಡೀ ಕಾಳು ನುಂಗಿದರೆ ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ, ಅದಕ್ಕೇ ಪುಡಿ ಮಾಡಬೇಕು. ಸಣ್ಣ ಉರಿಯಲ್ಲಿ ಹುರಿಯುವಾಗ ಪಟಪಟ ಸಿಡಿದು ಒಲೆ ತುಂಬ ಹಾರುತ್ತದೆ, ಕೈಯಲ್ಲೊಂದು ಮುಚ್ಚಳ ಇರಲಿ. ಸಿಡಿಯುವುದು ನಿಲ್ಲುತ್ತಿದ್ದ ಹಾಗೆ ಇಳಿಸಿ. ಪೂರ್ತಿ ಆರಿದ ಮೇಲೆ ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು, ಚೂರು ಹುಣಸೆ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಸತತ ತಿರುಗಿಸಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ.

ಗುರೆಳ್ಳು ಹಿಂಡಿಯೂ ಒಳ್ಳೆಯದೇ, ಅದೂ ಎಣ್ಣೆಕಾಳು. ಶೇಂಗಾದಲ್ಲಿ 100 ಗ್ರಾಂಗೆ 16 ಗ್ರಾಂ ಕಾರ್ಬ್, ಅದರಲ್ಲೂ ಅರ್ಧದಷ್ಟು ನಾರು. ಆದರೆ ಕ್ಯಾಲರಿ 560ರ ಮೇಲೆ! ತೂಕ ಇಳಿಸುವವರು ಚಮಚ ನೋಡಿಕೊಳ್ಳಬೇಕು. ಪುಟಾಣಿ (ಹುರಿಗಡಲೆ) ಮಾತ್ರ ಬೇರೆ ಜಾತಿ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರ್ಬ್. ಹಿಂಡಿ ಜಾಸ್ತಿ ಕಾಣಲಿ ಅಂತ ಶೇಂಗಾಕ್ಕೆ ಪುಟಾಣಿ ಬೆರೆಸುವವರೂ ಇದ್ದಾರೆ. ನಾನು ಮುಷ್ಟಿಯಲ್ಲಿ ಹಿಡಿದು ನೋಡುತ್ತೇನೆ. ಬರೀ ಶೇಂಗಾ ಆದರೆ ಎಣ್ಣೆಗೆ ಉಂಡೆ ನಿಲ್ಲುತ್ತದೆ, ಪುಟಾಣಿ ಜಾಸ್ತಿ ಇದ್ದರೆ ಒಣಪುಡಿ ಹಾಗೆ ಉದುರುತ್ತದೆ.

ಇನ್ನು ಬೆಲ್ಲ. ಅರ್ಧ ಕೆಜಿ ಶೇಂಗಾ ಹಿಂಡಿಗೆ ನಮ್ಮತ್ತೆ ನಿಂಬೆ ಗಾತ್ರದ ಬೆಲ್ಲ ಹಾಕುತ್ತಿದ್ದರು. ಒಂದು ಚಮಚಕ್ಕೆ ಲೆಕ್ಕ ಹಾಕಿದರೆ ಅದು ಒಂದು ಗ್ರಾಂ ಕೂಡ ಆಗುವುದಿಲ್ಲ. ನಾನು ಬಿಟ್ಟಿದ್ದೇನೆ, ಆದರೆ ಅದಕ್ಕಾಗಿ ಜಗಳ ಬೇಡ. ಜಗಳ ಆಡುವುದಾದರೆ ಹುಣಸೆ ತೊಕ್ಕಿನ ಜೊತೆ ಆಡಿ. ಹುಣಸೆಹಣ್ಣಿನಲ್ಲೇ ಸಕ್ಕರೆ ಇದೆ, ಅದರ ಮೇಲೆ ಸರಿಸಮ ಬೆಲ್ಲ. ಮಾವಿನಕಾಯಿಗೆ ಬೆಲ್ಲ ಹಾಕಿ ಕುದಿಸುವ ಗುಳಂಬದ ಮಾತೇ ಬೇಡ.

ನಮ್ಮನೆಯವರಿಗೂ ಷುಗರ್. ಒಂದು ಸಲ ತಿಂಗಳ ಟೆಸ್ಟಿನಲ್ಲಿ ಏರಿತ್ತು. "ನಿನ್ನ ಹಿಂಡೀನ ಕಾರಣ" ಅಂದರು. ನನಗೆ ಸಿಟ್ಟು ಬಂತು. ಮೂರು ದಿನ ಸುಮ್ನೆ ಕೂತು ಅವರ ತಟ್ಟೆ ನೋಡಿದೆ. ಹೊಸ ಅಗಸಿ ಹಿಂಡಿ, ಮೇಲೆ ಮೊಸರು, ಪಕ್ಕದಲ್ಲಿ ಉಳ್ಳಾಗಡ್ಡಿ. ಎರಡು ರೊಟ್ಟಿಗೆ ಏಳುತ್ತಿದ್ದವರು ಮೂರನೆಯದಕ್ಕೆ ಕೈ ಹಾಕುತ್ತಿದ್ದರು, ಒಂದು ದಿನ ನಾಲ್ಕಾಯಿತು. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 35 ಗ್ರಾಂ ಕಾರ್ಬ್ ಇರುತ್ತದೆ. ಹಿಂಡಿ ರುಚಿಯಾಗಿದ್ದೇ ತಪ್ಪಾಯಿತು, ಅಲ್ವಾ? ಈಗ ಮೊದಲೇ ಎರಡು ರೊಟ್ಟಿ ಇಟ್ಟು ಡಬ್ಬಿ ಮುಚ್ಚಿಬಿಡುತ್ತೇನೆ. ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ರೊಟ್ಟಿ, ಅನ್ನ ಒಮ್ಮೆಲೇ ಇಳಿಸುವ ಮುಂಚೆ ಡಾಕ್ಟರಿಗೆ ಹೇಳಿ. ಡೋಸ್ ಅಷ್ಟೇ ಇದ್ದರೆ ಷುಗರ್ ತೀರಾ ಕೆಳಗೆ ಇಳಿಯಬಹುದು.

ಬಾಟಲಿ ಸಾಸ್ ಬಗ್ಗೆ ಹುಡುಗರು ಕೇಳುತ್ತಾರೆ. ಒಂದು ದೊಡ್ಡ ಚಮಚ ಟೊಮೆಟೊ ಕೆಚಪ್ ಅಂದರೆ ಹತ್ತತ್ತಿರ ಒಂದು ಟೀ ಚಮಚ ಸಕ್ಕರೆ. ಮಿರ್ಚಿಗೆ ನಾವು ಒಂದೇ ಚಮಚಕ್ಕೆ ನಿಲ್ಲಿಸುತ್ತೇವಾ? (ಪಕ್ಕದ ಮಂಡಕ್ಕಿ ಹಗುರ ಅಂದುಕೊಂಡಿರುತ್ತೇವೆ, ಅದು ಅಕ್ಕಿ ಅನ್ನೋದು ಮರೆತು.) ಬಾಟಲಿ ತಿರುಗಿಸಿ ಓದಿ. ಯಾವುದು ತೂಕದಲ್ಲಿ ಜಾಸ್ತಿಯೋ ಅದರ ಹೆಸರು ಮೊದಲು ಬರುತ್ತದೆ. ಸಕ್ಕರೆ ಎರಡನೆಯದೋ ಮೂರನೆಯದೋ ಇದ್ದರೆ ಅಲ್ಲೇ ಇಟ್ಟು ಬನ್ನಿ. 'ಶುಗರ್ ಫ್ರೀ' ಅಂತ ಮುಂದೆ ಬರೆದು ಹಿಂದೆ ಮಾಲ್ಟೊಡೆಕ್ಸ್ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ) ಇದ್ದರೆ ಅದೂ ಷುಗರ್ ಏರಿಸುತ್ತದೆ, ಬೇಗನೇ.

ಹಸಿಮೆಣಸಿನಕಾಯಿ ಕುಟ್ಟಿದ ಹಸಿಖಾರದಲ್ಲಿ ಕಾರ್ಬ್ ಲೆಕ್ಕಕ್ಕೇ ಇಲ್ಲ. ಮಾವಿನಕಾಯಿ ಉಪ್ಪಿನಕಾಯಿಯಲ್ಲೂ ಕಡಿಮೆ. ಆದರೆ ಎರಡರಲ್ಲೂ ಉಪ್ಪು ಜಾಸ್ತಿ, ಷುಗರ್ ಇದ್ದ ಮನೆಯಲ್ಲಿ ಬಹಳ ಸಲ ಬಿಪಿಯೂ ಇರುತ್ತದೆ. ಇಡೀ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ, ಸಾರು ಪಲ್ಯದ್ದೂ ಸೇರಿ.

ಮೊನ್ನೆ ಒಬ್ಬ ಹಿರಿಯರು ಇದನ್ನೆಲ್ಲ ನಿಂತು ಕೇಳಿದರು. ತಲೆ ಅಲ್ಲಾಡಿಸಿ ಕಾಲು ಕೆಜಿ ಅಗಸಿ ಹಿಂಡಿ ತಗೊಂಡರು. ಮೆಟ್ಟಿಲು ಇಳಿದವರು ತಿರುಗಿ ಬಂದರು. "ಹಂಗಾದ್ರ ರೊಟ್ಟಿ ಇನ್ನೊಂದ್ ಹತ್ತು ಕಟ್ರಿ ಅಕ್ಕಾರ, ಹಿಂಡಿ ಚಲೋ ಐತಿ ಅಂದ್ರಲ್ಲ."